ಬ್ಯಾನರ್ ಕಟ್ಟಿದರೆ ಪಟ್ಟಿಗೆ ಹೆಸರು ಸೇರುವುದಿಲ್ಲ

ಓದುಗರ ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ಬೆಂಗಳೂರಿನ ಹೊರವಲಯದ ಬಡಾವಣೆಯೊಂದರ ನಿವಾಸಿಗಳ ಸಂಘದಲ್ಲಿದ್ದೇನೆ. ನಮ್ಮಲ್ಲಿ ಸ್ವಂತ ಮನೆಯವರಿಗಿಂತ ಬಾಡಿಗೆಯವರೇ ಜಾಸ್ತಿ. ಪಿಜಿಗಳಿವೆ, ಪಕ್ಕದಲ್ಲೇ ಕಟ್ಟಡ ಕೆಲಸದವರ ಶೆಡ್‌ಗಳಿವೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಬ್ಯಾನರ್ ಕಟ್ಟಿದೆವು, ಒಂದು ಭಾನುವಾರ ಭಾಷಣ ಮಾಡಿಸಿದೆವು, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಲಿಂಕ್ ಹಾಕಿದೆವು. ಸೇರಿಸಿದವರು ಬೆರಳೆಣಿಕೆಯಷ್ಟು. ಕೇಳಿದರೆ, ‘ನಮ್ಮ ಒಂದು ವೋಟಿಂದ ಏನಾಗುತ್ತೆ ಸರ್’ ಅನ್ನುತ್ತಾರೆ. ಇವರ ಮನಸ್ಸು ಬದಲಿಸುವುದು ಹೇಗೆ? ಸಂಘದಿಂದಲೇ ಎಲ್ಲರ ಫಾರಂ ತುಂಬಿ ಒಟ್ಟಿಗೆ ಕೊಡಬಹುದೇ? ಕೊನೆಗೊಂದು ಸ್ವಂತ ಪ್ರಶ್ನೆ: ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಪಡೆದಿರುವ ನನ್ನ ಮಗ ಇಲ್ಲಿ ಮತದಾರನಾಗಬಹುದೇ?

ಉತ್ತರ:

ಸರ್, ಮನಸ್ಸು ಬದಲಿಸುವ ಕೆಲಸಕ್ಕೆ ಕೈ ಹಾಕಲೇಬೇಡಿ. ಬಹಳ ಕಡೆ ಅದರ ಅಗತ್ಯವೇ ಇರುವುದಿಲ್ಲ. ‘ಒಂದು ವೋಟಿಂದ ಏನಾಗುತ್ತೆ’ ಎನ್ನುವುದು ಮುಕ್ಕಾಲು ಪಾಲು ತಪ್ಪಿಸಿಕೊಳ್ಳುವ ಮಾತು. ಅದರ ಹಿಂದೆ ಬೇರೆ ಏನೋ ಇರುತ್ತದೆ. ಬಾಡಿಗೆ ಕರಾರು ಸರಿಯಿಲ್ಲ, ಆಧಾರ್‌ನಲ್ಲಿ ಊರಿನ ವಿಳಾಸವಿದೆ, ಓದು ಬರುವುದಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆ, ಊರಿನ ರೇಷನ್ ಕಾರ್ಡ್ ಹೋದೀತು ಎಂಬ ಭಯ. ಇದನ್ನೆಲ್ಲ ಸಂಘದ ಅಧ್ಯಕ್ಷರ ಎದುರು ಯಾರು ಹೇಳುತ್ತಾರೆ? ಅದಕ್ಕೇ ವೋಟಿನ ಮೇಲೆ ಹಾಕಿಬಿಡುತ್ತಾರೆ.

ಒಂದು ವೋಟಿನ ಕಥೆ ಬೇಕೇ ಬೇಕು ಎಂದರೆ ನಮ್ಮ ರಾಜ್ಯದಲ್ಲೇ ಇದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಎ.ಆರ್. ಕೃಷ್ಣಮೂರ್ತಿಯವರಿಗಿಂತ ಒಂದೇ ಒಂದು ಮತ ಜಾಸ್ತಿ ಪಡೆದು. 2023ರಲ್ಲಿ ಜಯನಗರದ ಫಲಿತಾಂಶ ನಿಂತಿದ್ದು 16 ಮತಗಳ ಮೇಲೆ. ಹೇಳಿ, ಕೇಳುವವರು ‘ಹೌದಾ!’ ಅನ್ನುತ್ತಾರೆ. ಆದರೆ ಕಥೆ ಕೇಳಿ ಎದ್ದು ಹೋಗಿ ಫಾರಂ ತುಂಬಿದವರನ್ನು ನಾನು ಹೆಚ್ಚು ಕಂಡಿಲ್ಲ. ಪಕ್ಕದಲ್ಲಿ ಕೂತು ತುಂಬಿಸಿಕೊಟ್ಟರೆ ತುಂಬುತ್ತಾರೆ. ಫ್ರಾನ್ಸ್‌ನಲ್ಲಿ 2012ರ ಚುನಾವಣೆಗೆ ಮುಂಚೆ ಹತ್ತು ನಗರಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕೆಲವು ಮನೆಗಳಿಗೆ ಹೋಗಿ ಮಾಹಿತಿ ಮಾತ್ರ ಕೊಟ್ಟರು. ಇನ್ನು ಕೆಲವು ಮನೆಗಳಲ್ಲಿ ಬಾಗಿಲಲ್ಲೇ ನೋಂದಣಿ ಮಾಡಿಸಿದರು. ಎರಡನೆಯದೇ ಹೆಚ್ಚು ಫಲ ಕೊಟ್ಟಿತು. ಹಾಗೆ ಸೇರಿದವರಲ್ಲಿ ಬಹುಪಾಲು ಜನ ಆಮೇಲೆ ಮತಗಟ್ಟೆಗೂ ಹೋದರು. ಅಂದರೆ ಅವರಿಗೆ ಆಸಕ್ತಿ ಇಲ್ಲದೆ ಇರಲಿಲ್ಲ.

ಹಾಗಾಗಿ ಮಾತು ಶುರು ಮಾಡುವ ರೀತಿ ಬದಲಿಸಿ. ‘ಹೆಸರು ಸೇರಿಸಿ’ ಎನ್ನಬೇಡಿ. ‘ನಿಮ್ಮ ಹೆಸರು ಲಿಸ್ಟ್‌ನಲ್ಲಿ ಇದೆಯಾ, ನೋಡೋಣ ಬನ್ನಿ’ ಎನ್ನಿ. ಮೊದಲನೆಯದು ಉಪದೇಶ, ಎರಡನೆಯದಕ್ಕೆ ಕುತೂಹಲವೇ ಸಾಕು. ತಮ್ಮ ಹೆಸರು ಹುಡುಕಿಸಿಕೊಳ್ಳಲು ಯಾರೂ ಬೇಡ ಅನ್ನುವುದಿಲ್ಲ. ವೋಟರ್ ಐಡಿ ಜೇಬಿನಲ್ಲಿದೆ, ನನಗೇನೂ ತೊಂದರೆಯಿಲ್ಲ ಎಂದುಕೊಂಡವರ ಹೆಸರು ಎಷ್ಟೋ ಸಲ ಪಟ್ಟಿಯಲ್ಲೇ ಇರುವುದಿಲ್ಲ. ಮತದಾನದ ದಿನ ಬೂತಿನ ಮುಂದೆ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಇದರಿಂದಲೇ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ತರಹದ ಬೇರೆ ಗುರುತು ತೋರಿಸಿ ವೋಟು ಹಾಕಬಹುದು. ಕಾರ್ಡ್ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನೂ ಮಾಡುವಂತಿಲ್ಲ. ಬ್ಯಾನರ್ ಮೇಲೆ ಏನಾದರೂ ಬರೆಸಲೇಬೇಕು ಎಂದಿದ್ದರೆ ಇದೊಂದನ್ನೇ ಬರೆಸಿ.

ಕೆಲಸ ಶುರು ಮಾಡುವ ಮುಂಚೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ವೆಬ್‌ಸೈಟ್‌ನಿಂದ ನಿಮ್ಮ ಭಾಗದ ಪಟ್ಟಿ ಇಳಿಸಿಕೊಂಡು ಪ್ರಿಂಟ್ ತೆಗೆಸಿ. ಒಂದೊಂದು ಚೌಕದಲ್ಲಿ ಒಬ್ಬೊಬ್ಬರ ಹೆಸರು, ಅದರ ಕೆಳಗೆ ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು, ಮೂಲೆಯಲ್ಲಿ ಗುರುತಿನ ಚೀಟಿಯ ನಂಬರ್. ಬಡಾವಣೆಯ ಹಳಬರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಒಂದು ಗಂಟೆಯಲ್ಲಿ ನಿಮಗೇ ಗೊತ್ತಾಗುತ್ತದೆ. ತೀರಿಹೋದವರು ಇನ್ನೂ ಅಲ್ಲಿರುತ್ತಾರೆ. ಮನೆ ಮಾರಿ ಮೈಸೂರಿಗೆ ಹೋದವರೂ ಇರುತ್ತಾರೆ. ಒಂದೇ ಮನೆಯ ಗಂಡನಿಗೆ ಹಳೆಯ ಸೈಟ್ ನಂಬರ್, ಹೆಂಡತಿಗೆ ಹೊಸ ಡೋರ್ ನಂಬರ್ ಬಿದ್ದು ಇಬ್ಬರೂ ಬೇರೆ ಬೇರೆ ಪುಟದಲ್ಲಿರುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ರಷ್ಟು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಆಗಿದ್ದು ಶೇ 53ರಷ್ಟು. ಬೆಂಗಳೂರಿನವರು ಸೋಮಾರಿಗಳು ಎಂದು ಪ್ರತಿ ಸಲ ಬೈಸಿಕೊಳ್ಳುತ್ತೇವೆ. ಬೈಗುಳದಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಆ ಲೆಕ್ಕ ಹಾಕುವುದು ಪಟ್ಟಿಯಲ್ಲಿರುವ ಹೆಸರುಗಳ ಮೇಲೆ. ತೀರಿಹೋದವರ, ಊರು ಬಿಟ್ಟವರ ಹೆಸರು ಎಷ್ಟು ಉಳಿದಿದೆಯೋ ಅಷ್ಟು ಪ್ರಮಾಣ ಕೆಳಗಿಳಿಯುತ್ತದೆ.

ಆನ್‌ಲೈನ್‌ನಲ್ಲಿ ಹುಡುಕುವಾಗ ಗುರುತಿನ ಚೀಟಿಯ ನಂಬರ್ ಹಾಕಿ ಹುಡುಕುವುದೇ ಒಳ್ಳೆಯದು. ಹೆಸರು ಹಾಕಿದರೆ ಕಾಗುಣಿತ ಕೈಕೊಡುತ್ತದೆ. ‘ಮಲ್ಲಮ್ಮ’ ಅಲ್ಲಿ ‘ಮಲ್ಲಮ’ ಆಗಿರಬಹುದು, ‘ಶಾಂತಾ’ ಹೋಗಿ ‘ಸಂತ’ ಆಗಿರಬಹುದು. ಹೆಸರು ಇಲ್ಲ ಎಂದು ಹೊಸ ಅರ್ಜಿ ಹಾಕುವ ಮುಂಚೆ ತಂದೆಯ ಅಥವಾ ಗಂಡನ ಹೆಸರು ಹಾಕಿ ಇನ್ನೊಂದು ಸಲ ನೋಡಿ.

ಫಾರಂಗಳ ವಿಷಯದಲ್ಲಿ ಒಂದು ಗೊಂದಲ ಎಲ್ಲ ಕಡೆ ಇದೆ. ಫಾರಂ 6 ಮೊದಲ ಸಲ ಸೇರುವವರಿಗೆ ಮಾತ್ರ. ಬೇರೆ ಕಡೆ ಹೆಸರಿದ್ದು ಇಲ್ಲಿಗೆ ಬಂದವರು ತುಂಬಬೇಕಾದದ್ದು ಫಾರಂ 8. 2022ರ ಆಗಸ್ಟ್‌ನಿಂದ ಮನೆ ಬದಲಾವಣೆ, ತಿದ್ದುಪಡಿ, ಹೊಸ ಕಾರ್ಡ್ ಎಲ್ಲಕ್ಕೂ ಅದೊಂದೇ. ನಿಮ್ಮ ಬಾಡಿಗೆದಾರರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಇದೇ ಇರಬೇಕು. ವಾಟ್ಸ್ಆ್ಯಪ್ ಲಿಂಕ್ ಒತ್ತಿದವರು ಅವಸರದಲ್ಲಿ ಫಾರಂ 6 ತುಂಬಿ, ‘ಬೇರೆಲ್ಲೂ ನನ್ನ ಹೆಸರಿಲ್ಲ’ ಎಂಬ ಘೋಷಣೆಗೆ ಟಿಕ್ ಹಾಕಿಬಿಡುತ್ತಾರೆ. ಊರಿನಲ್ಲಿ ಹೆಸರಿದ್ದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಇದನ್ನು ಹೇಳಿ ಜನರನ್ನು ಹೆದರಿಸಬೇಡಿ. ಲಿಂಕ್ ಹಾಕುವ ನೀವು ತಿಳಿದುಕೊಂಡಿದ್ದರೆ ಸಾಕು.

ಇನ್ನು ಬಾಡಿಗೆಯವರ ಕಷ್ಟ. ವಿಳಾಸಕ್ಕೆ ಕೇಳುವ ದಾಖಲೆಗಳಲ್ಲಿ ನೋಂದಾಯಿತ ಬಾಡಿಗೆ ಕರಾರು ಎಂದಿದೆ. ನಮ್ಮ ಬೆಂಗಳೂರಿನ ಕರಾರು ಹನ್ನೊಂದು ತಿಂಗಳದ್ದು, ಸ್ಟಾಂಪ್ ಪೇಪರ್ ಮೇಲೆ ಬರೆದದ್ದು. ಅದನ್ನು ಯಾರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಯ್ಯುವುದಿಲ್ಲ. ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿರುತ್ತದೆ. ಹಾಗೆಂದು ದಾರಿ ಮುಚ್ಚಿಲ್ಲ. ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್ಕಿನಲ್ಲಿ ಈಗಿನ ವಿಳಾಸವಿದ್ದರೆ ಅದು ನಡೆಯುತ್ತದೆ. ನೀವು ಬ್ಯಾಂಕಿನಲ್ಲಿದ್ದವರು, ಪಾಸ್‌ಬುಕ್ ವಿಳಾಸ ಬದಲಿಸುವುದು ಎಷ್ಟು ಸಲೀಸು ಎಂದು ನಾನು ಹೇಳಬೇಕಾಗಿಲ್ಲ. ಗ್ಯಾಸ್ ಕನೆಕ್ಷನ್ ಅವರದ್ದೇ ಹೆಸರಿನಲ್ಲಿದ್ದರೆ ಅದರ ಬಿಲ್ ಆಗುತ್ತದೆ. ಪಟ್ಟಿಯಲ್ಲಿರುವ ದಾಖಲೆ ಯಾವುದೂ ಇಲ್ಲದಿದ್ದರೆ ಬೇರೆ ಕಾಗದ ಕೊಡಬಹುದು. ಆಗ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆಗೆ ಬಂದು, ನಿಜವಾಗಿ ಅಲ್ಲೇ ವಾಸವಿದ್ದಾರಾ ಎಂದು ನೋಡಲೇಬೇಕು. ಆಧಾರ್ ನಂಬರ್ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ.

ಸಂಘದವರಿಗೆ ಮಾತ್ರ ಸಾಧ್ಯವಾಗುವ ಒಂದು ಕೆಲಸವಿದೆ. ಮನೆ ಮಾಲೀಕರ ಜೊತೆ ಮಾತನಾಡಿ. ಬಾಡಿಗೆಯವರು ಇಲ್ಲಿ ವೋಟರ್ ಐಡಿ ಮಾಡಿಸಿದರೆ ನಾಳೆ ಮನೆ ಬಿಡುವುದಿಲ್ಲ ಎಂಬ ಅಂಜಿಕೆ ಎಷ್ಟೋ ಮಾಲೀಕರಿಗಿದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಮನೆಯ ಮೇಲೆ ಯಾವ ಹಕ್ಕೂ ಬರುವುದಿಲ್ಲ. ಬಾಡಿಗೆಯವರು ಹೇಳಿದರೆ ಮಾಲೀಕರು ನಂಬುವುದಿಲ್ಲ. ನೀವು ಹೇಳಿದರೆ ನಂಬುತ್ತಾರೆ.

ಪಿಜಿಯಲ್ಲಿರುವ ಹುಡುಗ ಹುಡುಗಿಯರ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾಲೇಜಿಗೆ ಹೋಗುವವರು ಊರಿನ ಮನೆಯಲ್ಲಾದರೂ ಸೇರಬಹುದು, ಇಲ್ಲಾದರೂ ಸೇರಬಹುದು. ಇಲ್ಲಿ ಸೇರುವುದಾದರೆ ಕಾಲೇಜಿನಿಂದ ನಿಗದಿತ ನಮೂನೆಯಲ್ಲಿ ಒಂದು ದೃಢೀಕರಣ ತರಬೇಕು. ಹದಿನೆಂಟು ತುಂಬಿದೆಯೇ ಎಂದು ನೋಡುವ ಅರ್ಹತೆಯ ದಿನಾಂಕಗಳು ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮುಂಚೆ ಜನವರಿ 2ಕ್ಕೆ ಹದಿನೆಂಟು ತುಂಬಿದವರು ಒಂದು ವರ್ಷ ಕಾಯಬೇಕಿತ್ತು. ಈಗ ಹದಿನೇಳು ತುಂಬಿದವರೇ ಮುಂಗಡವಾಗಿ ಅರ್ಜಿ ಹಾಕಿಡಬಹುದು. ಪಿಯುಸಿ ಎರಡನೇ ವರ್ಷದ ಮಕ್ಕಳಿರುವ ಮನೆಗಳಿಗೆ ಇದನ್ನು ತಿಳಿಸಿ. ವಯಸ್ಸಿನ ದಾಖಲೆಗೆ ಬೇಕಾದ ಅಂಕಪಟ್ಟಿ ಹೇಗೂ ಕೈಗೆ ಸಿಗುವ ಜಾಗದಲ್ಲಿರುತ್ತದೆ.

ಶೆಡ್‌ಗಳಲ್ಲಿರುವವರ ಬಗ್ಗೆ ನಿಧಾನವಾಗಿ ಹೇಳಬೇಕು. ರಾಯಚೂರು, ಯಾದಗಿರಿ ಕಡೆಯಿಂದ ಬಂದವರನ್ನೆಲ್ಲ ಇಲ್ಲೇ ಸೇರಿಸಿಬಿಡಬೇಕು ಎಂದು ಹೊರಡಬೇಡಿ. ಮೊದಲು ಕೇಳಿ: ಊರಿಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತೀರಿ? ಹೆಂಡತಿ ಮಕ್ಕಳು ಎಲ್ಲಿದ್ದಾರೆ? ಕೆಲವು ತಿಂಗಳು ದುಡಿಯಲು ಬಂದು ವಾಪಸ್ ಹೋಗುವವರು ಕಾನೂನಿನ ಪ್ರಕಾರ ಊರಿನ ನಿವಾಸಿಗಳೇ. ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ವಾಸಸ್ಥಳ ಬದಲಾಗುವುದಿಲ್ಲ. ಅಲ್ಲಿನ ಪಂಚಾಯ್ತಿ ಚುನಾವಣೆಗೆ ಅವರು ಬಸ್ ಹತ್ತಿ ಹೋಗುತ್ತಾರೆ. ಊರಿನ ರಸ್ತೆ, ನೀರು, ಉದ್ಯೋಗ ಖಾತ್ರಿ ಕೆಲಸ ಎಲ್ಲ ಅದರ ಮೇಲೇ ನಿಂತಿದೆ. ಆ ವೋಟನ್ನು ಇಲ್ಲಿಗೆ ಕಿತ್ತುಕೊಂಡು ಬರುವುದು ಉಪಕಾರವಲ್ಲ. ಎರಡೂ ಕಡೆ ಇರುವುದಂತೂ ಕಾನೂನಿನಲ್ಲಿ ಇಲ್ಲ. ಅಂಥವರಿಗೆ ಊರಿನ ಪಟ್ಟಿಯಲ್ಲಿ ಹೆಸರು ಇನ್ನೂ ಇದೆಯಾ ಎಂದು ಮೊಬೈಲಿನಲ್ಲಿ ನೋಡಿ ಹೇಳಿದರೆ ಅದೇ ದೊಡ್ಡ ಸಹಾಯ. ವರ್ಷಗಳಿಂದ ಸಂಸಾರ ಸಮೇತ ಇಲ್ಲೇ ಇದ್ದು, ಮಕ್ಕಳನ್ನು ಇಲ್ಲಿನ ಸರ್ಕಾರಿ ಶಾಲೆಗೆ ಹಾಕಿದವರ ವಿಷಯ ಬೇರೆ. ಅವರು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ರೇಷನ್ ಕಾರ್ಡ್ ಬೇರೆ, ಮತದಾರರ ಪಟ್ಟಿ ಬೇರೆ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ರದ್ದಾಗುವುದಿಲ್ಲ ಎಂದು ಬಿಡಿಸಿ ಹೇಳಿ.

ಮನೆಯೇ ಇಲ್ಲದವರಿಗೂ ಅವಕಾಶವಿದೆ. ಫ್ಲೈಓವರ್ ಕೆಳಗೋ ದೇವಸ್ಥಾನದ ಜಗಲಿಯಲ್ಲೋ ಮಲಗುವವರು ಆ ಜಾಗವನ್ನೇ ಅರ್ಜಿಯಲ್ಲಿ ಬರೆಯಬಹುದು. ಬಿಎಲ್‌ಒ ರಾತ್ರಿ ಹೊತ್ತು ಹೋಗಿ, ಅವರು ಅಲ್ಲೇ ಮಲಗುತ್ತಾರಾ ಎಂದು ನೋಡಬೇಕು. ವಿಳಾಸದ ಕಾಗದ ಬೇಕಿಲ್ಲ. ಇದು ಚುನಾವಣಾ ಆಯೋಗದ್ದೇ ಸೂಚನೆ. ನಮ್ಮ ಕಡೆ ಇದನ್ನು ಬಳಸಿಕೊಂಡವರು ತೀರಾ ಕಡಿಮೆ ಎಂಬುದೇ ಬೇಸರ.

ಹೆಂಗಸರ ಹೆಸರುಗಳನ್ನು ಬೇರೆಯಾಗಿಯೇ ನೋಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ತವರೂರಿನ ಪಟ್ಟಿಯಲ್ಲಿರುತ್ತದೆ. ಅಲ್ಲಿಯವರು ‘ಮದುವೆಯಾಗಿ ಹೋದಳು’ ಎಂದು ತೆಗೆಸುತ್ತಾರೆ. ಇಲ್ಲಿಯವರು ‘ಆಮೇಲೆ ಮಾಡಿಸಿದರಾಯ್ತು’ ಎಂದು ಬಿಡುತ್ತಾರೆ. ಹೀಗೆ ಎರಡು ಚುನಾವಣೆ ಕಳೆದುಹೋಗಿರುತ್ತವೆ. ಮನೆಗೆ ಹೋದಾಗ ಬಾಗಿಲು ತೆಗೆದ ಗಂಡಸರು ‘ನಮ್ಮದೆಲ್ಲ ಇದೆ’ ಅನ್ನುತ್ತಾರೆ. ಆ ‘ಎಲ್ಲ’ದಲ್ಲಿ ಯಾರಿದ್ದಾರೆ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳಿ. ಇದು ಇವತ್ತಿನ ರೋಗವಲ್ಲ. ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರ ಭಾರತದ ಕಡೆ ಲಕ್ಷಾಂತರ ಹೆಂಗಸರು ಸ್ವಂತ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದೇ ಬರೆಸಿದ್ದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ, ಹೆಸರು ಬೇಕೇ ಬೇಕು ಎಂದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಹಾಗೆ ಪಟ್ಟು ಹಿಡಿದಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮುಂದಿನ ಚುನಾವಣೆಗಳಲ್ಲಿ ಅವರು ಸ್ವಂತ ಹೆಸರಿನಲ್ಲೇ ಬಂದರು.

ಒಟ್ಟಿಗೆ ಫಾರಂ ಕೊಡಬಹುದೇ ಎಂದು ಕೇಳಿದ್ದೀರಿ. ಬೇಡ. ಒಬ್ಬರೇ ಕಟ್ಟುಗಟ್ಟಲೆ ಅರ್ಜಿ ತಂದರೆ ತೆಗೆದುಕೊಳ್ಳಬಾರದು ಎಂದು ಅಧಿಕಾರಿಗಳಿಗೆ ಸೂಚನೆಯಿದೆ. ಒಂದೇ ಮನೆಯವರದ್ದನ್ನು ಒಬ್ಬರು ಕೊಡಬಹುದು, ಅಷ್ಟೇ. ಇದು ಸುಮ್ನೆ ಮಾಡಿದ ನಿಯಮವಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯೊಂದರ ಜನ ಬಿಎಲ್‌ಒಗಳೆಂದು ಹೇಳಿಕೊಂಡು ಮನೆಮನೆ ಮಾಹಿತಿ ಸಂಗ್ರಹಿಸಿದರು ಎಂಬ ಆರೋಪ ಬಂದು ದೊಡ್ಡ ಗಲಾಟೆಯಾಗಿದ್ದು ನಿಮಗೆ ನೆನಪಿರಬಹುದು. ಕಲಬುರಗಿ ಜಿಲ್ಲೆಯ ಆಳಂದದ ಪ್ರಕರಣವನ್ನೂ ಓದಿರುತ್ತೀರಿ. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು ಬರೀ 24. ಇದಾದ ಮೇಲೆ ಹೆಸರುಗಳ ಪಟ್ಟಿ ಹಿಡಿದು ಆಧಾರ್ ಕೇಳುತ್ತಾ ಬಂದವರನ್ನು ಜನ ಅನುಮಾನದಿಂದ ನೋಡಿದರೆ ತಪ್ಪೇನಿಲ್ಲ, ಅಲ್ವಾ?

ಆದ್ದರಿಂದ ಯಾರ ದಾಖಲೆಯ ಪ್ರತಿಯನ್ನೂ ಸಂಘದಲ್ಲಿ ಇಟ್ಟುಕೊಳ್ಳಬೇಡಿ. ಫೋಟೋ ತೆಗೆಯಬೇಡಿ. ನಿಮ್ಮ ಫೋನಿನಿಂದ ಹತ್ತು ಜನರ ಅರ್ಜಿ ಹಾಕಬೇಡಿ. ಅವರವರ ಫೋನಿನಲ್ಲಿ, ಅವರವರ ಕೈಯಲ್ಲೇ ತುಂಬಿಸಿ. ಆಳಂದದ ಗಲಾಟೆಯ ನಂತರ, 2025ರಿಂದ, ಆನ್‌ಲೈನ್ ಅರ್ಜಿಗೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಬೇಕು. ಕೂಲಿ ಕೆಲಸದವರಲ್ಲಿ ಆ ಸಿಮ್ ಎಂದೋ ಕಳೆದುಹೋಗಿರುತ್ತದೆ. ಅಂಥವರಿಗೆ ಕಾಗದದ ಫಾರಂ ತುಂಬಿಸಿ ಬಿಎಲ್‌ಒ ಕೈಗೆ ಕೊಡಿಸಿ.

ಇಷ್ಟೆಲ್ಲ ಮಾಡುವುದಕ್ಕಿಂತ ಮುಂಚೆ ಬಿಎಲ್‌ಒ ಯಾರು ಎಂದು ತಿಳಿದುಕೊಳ್ಳಿ. 1950ಕ್ಕೆ ಫೋನ್ ಮಾಡಿದರೆ ಅಥವಾ ಆಯೋಗದ ವೆಬ್‌ಸೈಟಿನಲ್ಲಿ ನೋಡಿದರೆ ಹೆಸರು, ನಂಬರ್ ಸಿಗುತ್ತದೆ. ಬಹಳ ಕಡೆ ಅವರು ಅಂಗನವಾಡಿ ಟೀಚರೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ. ಅವರ ಮೂಲ ಕೆಲಸ ಬಿಟ್ಟಿಲ್ಲ, ಇದು ಅದರ ಮೇಲೆ ಬಿದ್ದ ಹೊರೆ. ಅವರು ಬಂದಾಗ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಗೇಟಿನಲ್ಲೇ ನಿಲ್ಲಿಸುತ್ತಾನೆ. ಹಗಲು ಬಂದರೆ ಮನೆಗಳಿಗೆ ಬೀಗ. ಮೂರು ಸಲ ಬಂದು ಹೋದವರು ನಾಲ್ಕನೇ ಸಲ ‘ವಾಸವಿಲ್ಲ’ ಎಂದು ಬರೆದರೆ ಯಾರನ್ನು ಬೈಯೋಣ? ನೀವು ಮಾಡಬಹುದಾದ ದೊಡ್ಡ ಕೆಲಸ ಇಲ್ಲೇ ಇದೆ. ಒಂದು ಭಾನುವಾರ ಬೆಳಿಗ್ಗೆ ಅವರಿಗೆ ಅನುಕೂಲವಾಗುವ ಹೊತ್ತು ಕೇಳಿ, ಸಂಘದ ಕಟ್ಟೆಯಲ್ಲಿ ಒಂದು ಟೇಬಲ್, ನಾಲ್ಕು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ಕುಡಿಯುವ ನೀರು, ಕಾಫಿ ಇಟ್ಟುಕೊಡಿ. ಪಕ್ಕದಲ್ಲಿ ಪಟ್ಟಿಯ ಪ್ರಿಂಟ್ ಇರಲಿ. ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದು ಪ್ರಿಂಟ್ ಕೊಡುವ ಹುಡುಗನೊಬ್ಬನನ್ನು ಕರೆಸಿ. ಫೋಟೋ ಇಲ್ಲ ಎಂಬ ಒಂದೇ ಕಾರಣಕ್ಕೆ ವಾಪಸ್ ಹೋದವರು ಮತ್ತೆ ಬರುವುದಿಲ್ಲ. ಮನೆಕೆಲಸದವರಿಗೆ ಭಾನುವಾರ ಬೆಳಿಗ್ಗೆಯೇ ಕೆಲಸ ಜಾಸ್ತಿ. ಅವತ್ತು ಒಂದು ಗಂಟೆ ಬಿಡುವು ಕೊಡಿ ಎಂದು ನಿಮ್ಮ ಗ್ರೂಪಿನಲ್ಲಿ ಬರೆಯಿರಿ. ಭಾಷಣ ಬೇಡ. ಯಾವ ಪಕ್ಷದ ಬ್ಯಾಡ್ಜ್ ಹಾಕಿದವರೂ ಟೇಬಲ್ ಹತ್ತಿರ ಕೂರುವುದು ಬೇಡ. ಯಾರಿಗೆ ವೋಟು ಹಾಕುತ್ತೀರಿ ಎಂದು ತಮಾಷೆಗೂ ಕೇಳಬೇಡಿ.

ಅರ್ಜಿ ಕೊಟ್ಟ ಮೇಲೆ ಒಂದು ರೆಫರೆನ್ಸ್ ನಂಬರ್ ಬರುತ್ತದೆ. ಅದನ್ನು ಅವರ ಹತ್ತಿರವೇ ಬರೆಸಿಡಿ. ಹಣ ಯಾರಿಗೂ ಕೊಡಬೇಕಿಲ್ಲ. ಅರ್ಜಿಯ ವಿವರ ಪ್ರಕಟಿಸಿ ಆಕ್ಷೇಪಣೆಗೆ ಏಳು ದಿನ ಬಿಡುತ್ತಾರೆ, ಆಮೇಲೆ ತೀರ್ಮಾನ. ತಿರಸ್ಕಾರವಾದರೆ ಹದಿನೈದು ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಚುನಾವಣೆ ಘೋಷಣೆಯಾದ ಮೇಲೂ ಸ್ವಲ್ಪ ಕಾಲ ಅವಕಾಶವಿರುತ್ತದೆ. ಆದರೆ ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಪಟ್ಟಿಗೆ ಒಂದು ಹೆಸರೂ ಸೇರುವುದಿಲ್ಲ. ಏಳು ದಿನದ ಲೆಕ್ಕ ಇರುವುದರಿಂದ ಅದಕ್ಕೂ ಹತ್ತು ದಿನ ಮುಂಚೆಯೇ ಅರ್ಜಿ ಹೋಗಿರಬೇಕು.

2025ರಲ್ಲಿ ಬಿಹಾರದಲ್ಲಿ ಶುರುವಾದ ವಿಶೇಷ ತೀವ್ರ ಪರಿಷ್ಕರಣೆಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಈಗಾಗಲೇ ಪಟ್ಟಿಯಲ್ಲಿರುವವರೂ ಹೊಸದಾಗಿ ಫಾರಂ ತುಂಬಿ ಕೊಡಬೇಕು. ಬಿಹಾರದ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಬಿಟ್ಟುಹೋಗಿದ್ದವು. ಕರ್ನಾಟಕದಲ್ಲಿ ಹಿಂದೆ ಇಂಥ ತೀವ್ರ ಪರಿಷ್ಕರಣೆ ನಡೆದದ್ದು 2002ರಲ್ಲಿ. ಆಗಿನ ಪಟ್ಟಿಯಲ್ಲಿ ತಮ್ಮ ಅಥವಾ ಅಪ್ಪ ಅಮ್ಮನ ಹೆಸರು ಯಾವ ಊರು, ಯಾವ ಭಾಗದಲ್ಲಿತ್ತು ಎಂದು ನಿಮ್ಮ ಟೇಬಲ್‌ಗೆ ಬಂದವರಿಗೆಲ್ಲ ಹುಡುಕಿ ಬರೆದುಕೊಡಿ. ಪರಿಷ್ಕರಣೆಯ ಫಾರಂ ತುಂಬುವಾಗ ಆ ವಿವರ ಬೇಕಾಗುತ್ತದೆ.

ಇನ್ನು ನಿಮ್ಮ ಮಗನ ವಿಷಯ. ಗ್ರೀನ್ ಕಾರ್ಡ್ ಇದ್ದರೂ ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೆ ಅವರು ಭಾರತದ ಪ್ರಜೆ. ಹಾಗಾಗಿ ಅನಿವಾಸಿ ಮತದಾರರಾಗಿ ಸೇರಬಹುದು. ಅದಕ್ಕೆ ಫಾರಂ 6ಎ. ಪಾಸ್‌ಪೋರ್ಟಿನಲ್ಲಿರುವ ಭಾರತದ ವಿಳಾಸ ಯಾವ ಕ್ಷೇತ್ರಕ್ಕೆ ಸೇರುತ್ತದೋ ಅಲ್ಲಿಗೆ ಹೆಸರು ಹೋಗುತ್ತದೆ. ಹಳೆಯ ಸಾಮಾನ್ಯ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಉಳಿದಿದ್ದರೆ ಮೊದಲು ಅದನ್ನು ತೆಗೆಸಿ. ಅಮೆರಿಕದ ಪೌರತ್ವ ತೆಗೆದುಕೊಂಡ ದಿನ ಈ ಅರ್ಹತೆ ಹೋಗುತ್ತದೆ, ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಅನಿವಾಸಿ ಮತದಾರರಿಗೆ ಗುರುತಿನ ಚೀಟಿ ಕೊಡುವುದಿಲ್ಲ, ಅಂಚೆ ಮತದ ಸೌಲಭ್ಯವೂ ಇಲ್ಲ. ಮತದಾನದ ದಿನ ಇಲ್ಲೇ ಇದ್ದು, ಮತಗಟ್ಟೆಯಲ್ಲಿ ಒರಿಜಿನಲ್ ಪಾಸ್‌ಪೋರ್ಟ್ ತೋರಿಸಬೇಕು. ರಜೆಗೆ ಬರುವ ಟಿಕೆಟ್ ಮಾಡಿಸುವ ಮುಂಚೆಯೇ ಅವರಿಗೆ ಇದನ್ನು ಹೇಳಿಬಿಡಿ.